ಅಂಕಿಯೊಳಗಿನ ತೊಗರಿ

ಕರ್ನಾಟಕದ ಭೂಪಟದಲ್ಲಿ ಉತ್ತರದ ತುತ್ತತುದಿಗೆ ಇರುವ ತಾಲ್ಲೂಕು ಔರಾದ. ಮುಂಗಾರು ಮಳೆ ಬಿದ್ದು ನೆಲ ಹದವಾದೊಡನೆ ಅಲ್ಲಿಯೂ ನೆರೆಯ ಭಾಲ್ಕಿಯಲ್ಲಿಯೂ ಹೆಸರು, ಉದ್ದು, ಸೋಯಾ, ತೊಗರಿಗಳ ಬಿತ್ತನೆ ಆರಂಭವಾಗುತ್ತದೆ. ಹೆಸರು, ಉದ್ದುಗಳು ಬೇಗನೆ ಮನೆ ಸೇರುತ್ತವೆ; ತೊಗರಿ ಮಾತ್ರ ಚಳಿಗಾಲದವರೆಗೆ ಹೊಲದಲ್ಲಿಯೇ ನಿಲ್ಲುತ್ತದೆ. ಕೊನೆಗೆ ಅದು ಭಾಲ್ಕಿಯ ಮಾರುಕಟ್ಟೆಗೋ ಬೀದರ ನಗರದ ಗಾಂಧಿಗಂಜಿಗೋ ಬಂದು ಅಡತಿ ಅಂಗಡಿಯ ಮುಂದೆ ರಾಶಿಯಾಗುತ್ತದೆ. ಆ ರಾಶಿಗೆ ಅಂದು ಕಟ್ಟಿದ ಧಾರಣೆ ಅಲ್ಲಿನ ದಾಖಲೆ ಸೇರಿ, ದೇಶದ ನೂರಾರು ಮಾರುಕಟ್ಟೆಗಳ ಧಾರಣೆಯೊಡನೆ ಬೆರೆಯುತ್ತದೆ.

ಮುಂಬಯಿಯಲ್ಲಿ ಕುಳಿತು ಈ ಅಂಕಿಗಳನ್ನು ಓದುವವನು ಬ್ಯಾಂಕಿನ ಅರ್ಥಶಾಸ್ತ್ರಜ್ಞ. ಬ್ಯಾಂಕೆಂದರೆ ಹಣ ಎಣಿಸುವ ಸ್ಥಳವೆಂದು ತಿಳಿದವರಿಗೆ ಈ ಉದ್ಯೋಗ ವಿಚಿತ್ರವೆನಿಸೀತು. ಆದರೆ 1935ರಲ್ಲಿ ಕಾರ್ಯಾರಂಭ ಮಾಡಿದ ರಿಸರ್ವ್ ಬ್ಯಾಂಕಿನಲ್ಲಿ ಕೃಷಿಸಾಲವನ್ನು ಅಧ್ಯಯನ ಮಾಡುವ ತಜ್ಞರು ಇರಬೇಕೆಂದು ಅದರ ಕಾಯಿದೆಯೇ ವಿಧಿಸಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ ಆರಂಭವಾದ ಗ್ರಾಮೀಣ ಸಾಲದ ಸಮೀಕ್ಷೆಗಾಗಿ, ಆ ಬ್ಯಾಂಕು 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಮನೆಮನೆಯ ಸಾಲದ ಲೆಕ್ಕವನ್ನು ಕಲೆಹಾಕಿಸಿತು. ರೈತನ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರು. ಲೇವಾದೇವಿಗಾರರದು ನೂರಕ್ಕೆ ಸುಮಾರು ಎಪ್ಪತ್ತು! ಸಮೀಕ್ಷೆಯ ವರದಿಯ ಸಲಹೆಯಂತೆ 1955ರಲ್ಲಿ ಸ್ಟೇಟ್ ಬ್ಯಾಂಕ್ ಸ್ಥಾಪನೆಯಾಯಿತು. ಅಂಕಿಯನ್ನು ಹಳ್ಳಿಯಿಂದಲೇ ತಂದುದರ ಫಲವಿದು.

ಈಗಿನ ಅರ್ಥಶಾಸ್ತ್ರಜ್ಞನು ಮಳೆಯ ಪ್ರಮಾಣ, ಬಿತ್ತನೆಯಾದ ಕ್ಷೇತ್ರ, ಮಾರುಕಟ್ಟೆಯ ಆವಕ, ಧಾರಣೆ ಇವೆಲ್ಲವನ್ನೂ ಜೋಡಿಸಿ ದೇಶದ ಅರ್ಥವ್ಯವಸ್ಥೆ ಎತ್ತ ಸಾಗಿದೆಯೆಂದು ಊಹಿಸಬೇಕು. ಭಾರತದಂತಹ ಬೆಳೆಯುತ್ತಿರುವ ದೇಶದಲ್ಲಿ ಸಂಸಾರದ ಖರ್ಚಿನ ದೊಡ್ಡ ಪಾಲು ಊಟಕ್ಕೆ ಹೋಗುತ್ತದೆ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಬೆಲೆ ಸೂಚ್ಯಂಕದಲ್ಲಿ ಆಹಾರ ಪಾನೀಯಗಳಿಗೆ ನೂರರಲ್ಲಿ ಸುಮಾರು 46 ಪಾಲಿತ್ತು. ಆದ್ದರಿಂದ ಮೋಡವನ್ನು ನೋಡುವುದರಲ್ಲಿ ಅವನು ಒಕ್ಕಲಿಗನಿಗೆ ಸಾಟಿಯಾಗಿಯೇ ಇರಬೇಕಾಗುತ್ತದೆ.

2014, 2015 ಎರಡೂ ವರ್ಷ ಮುಂಗಾರು ಕೈಕೊಟ್ಟಿತು. ನಗರಗಳಲ್ಲಿ ಕಿಲೋ ತೊಗರಿಬೇಳೆಯ ಬೆಲೆ ಇನ್ನೂರು ರೂಪಾಯಿಗಳ ಹತ್ತಿರ ಹೋಯಿತು. ಈ ಬೆಲೆಯನ್ನು ನಂಬಿ ರೈತರು ಮರುವರ್ಷ ಹೆಚ್ಚು ನೆಲಕ್ಕೆ ತೊಗರಿ ಹಾಕಿದರು, ಮಳೆಯೂ ಕೈಹಿಡಿಯಿತು. 2015-16ರಲ್ಲಿ ಸುಮಾರು 26 ಲಕ್ಷ ಟನ್ನಿದ್ದ ದೇಶದ ತೊಗರಿ 2016-17ರಲ್ಲಿ ಸುಮಾರು 49 ಲಕ್ಷ ಟನ್ನಿಗೆ ಏರಿತು. ಸರ್ಕಾರವು ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆಯನ್ನು ಘೋಷಿಸಿ ಖರೀದಿ ಕೇಂದ್ರಗಳನ್ನು ತೆರೆದರೂ, ಹಲವು ಮಾರುಕಟ್ಟೆಗಳಲ್ಲಿ ಧಾರಣೆ ಅದಕ್ಕಿಂತ ಕೆಳಗಿಳಿಯಿತು.

2017ರ ಜೂನ್ ತಿಂಗಳಿನಲ್ಲಿ ಬೆಲೆಯೇರಿಕೆಯ ದರ ನೂರಕ್ಕೆ ಎರಡಕ್ಕಿಂತಲೂ ಕಡಿಮೆಯಾಯಿತು. ಬೇಳೆಕಾಳುಗಳ ಬೆಲೆಯಿಳಿತವೂ ಇದಕ್ಕೆ ಒಂದು ಮುಖ್ಯ ಕಾರಣ. ವೇತನದಿಂದ ಬದುಕುವ ಸಂಸಾರಕ್ಕೆ ಇದು ಸಂತಸದ ಸುದ್ದಿ. ಆದರೆ ಔರಾದದ ರೈತನ ಪಾಲಿಗೆ ಇದೇ ಅಂಕಿ ಕರಗಿದ ಆದಾಯದ ಲೆಕ್ಕ. ಬೆಲೆ ತಗ್ಗಿತೆಂದು ಹೇಳಿ ಸುಮ್ಮನಾಗುವ ಅರ್ಥಶಾಸ್ತ್ರಜ್ಞ ತನ್ನ ಕೆಲಸದ ಅರ್ಧವನ್ನಷ್ಟೇ ಮಾಡಿರುತ್ತಾನೆ. ಯಾರ ಬೆಲೆ ತಗ್ಗಿತು, ಮುಂದಿನ ಮುಂಗಾರಿನಲ್ಲಿ ಅವನು ತೊಗರಿಯನ್ನು ಬಿಟ್ಟು ಬೇರೆ ಬೀಜಕ್ಕೆ ಕೈಹಾಕುವನೇ ಎಂಬುದನ್ನೂ ಅವನು ಕೇಳಬೇಕು. ಮರುವರ್ಷದ ಬೇಳೆಯ ಬೆಲೆ ಅಲ್ಲಿಯೇ ಅಡಗಿದೆ.

ಆ ವರ್ಷದ ಆಗಸ್ಟ್ 2ರಂದು ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು ನೂರಕ್ಕೆ 6.25ರಿಂದ 6ಕ್ಕೆ ಇಳಿಸಿತು. ಬೆಳೆಸಾಲದ ಬಡ್ಡಿಯಾದರೋ ಸರ್ಕಾರದ ಸಹಾಯಧನದಿಂದ ಬೇರೆಯಾಗಿಯೇ ಗೊತ್ತಾಗಿದ್ದಿತಾಗಿ, ಈ ಇಳಿಕೆ ಅದನ್ನು ಮುಟ್ಟಲಿಲ್ಲ. ಅದೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಹೊರದೇಶದಿಂದ ತರುವ ತೊಗರಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿಯನ್ನು ಹಾಕಿತು. ಆ ವೇಳೆಗೆ ಬೀದರ ಸೀಮೆಯ ಬಹುತೇಕ ರೈತರು ಹಳೆಯ ತೊಗರಿಯನ್ನು ಮಾರಿ, ಹೊಸ ಬಿತ್ತನೆಯನ್ನೂ ಮುಗಿಸಿದ್ದರು.