ದೇವರ ಮೇಲೆ ಹೊರಿಸುವ ಹೊಣೆ



ಮನೆಯ ಯಜಮಾನರಿರಲಿ, ಸಂಘದ ಅಧ್ಯಕ್ಷರಿರಲಿ, ತಾವೇ ಮಾಡಿದ ತೀರ್ಮಾನ ಕೆಟ್ಟುಹೋದಾಗ "ಎಲ್ಲಾ ದೇವರ ಚಿತ್ತ" ಎಂದು ಕೈತೊಳೆದುಕೊಳ್ಳುವುದನ್ನು ನೀವೂ ಕಂಡಿರುತ್ತೀರಿ. ರಾಜಾಜಿನಗರದಲ್ಲಾಗಲಿ ಕೆಂಗೇರಿಯಲ್ಲಾಗಲಿ ಈ ಮಾತಿಗೆ ಬರವಿಲ್ಲ. ಇದೇನು ಇಂದು ನಿನ್ನೆಯದಲ್ಲ.

ಗ್ರೀಕ್ ಕವಿ ಹೋಮರನ 'ಇಲಿಯಡ್' ಮಹಾಕಾವ್ಯವನ್ನು ನೋಡಿ. ಸೇನಾನಾಯಕ ಅಗಮೆಮ್ನಾನ್ ಒಬ್ಬ ಪೂಜಾರಿಯ ಮಗಳನ್ನು ಸೆರೆಯಲ್ಲಿಟ್ಟುಕೊಂಡು, ತಂದೆ ಬಂದು ಬೇಡಿದರೂ ಬಿಡುವುದಿಲ್ಲ. ಅಪೊಲೊ ದೇವ ಒಂಬತ್ತು ದಿನ ಪಾಳೆಯದ ಮೇಲೆ ವ್ಯಾಧಿಯ ಬಾಣ ಸುರಿಸುತ್ತಾನೆ. ತಪ್ಪು ದೊರೆಯದು, ಸತ್ತವರು ಸಿಪಾಯಿಗಳು! ಕೊನೆಗೆ ಹುಡುಗಿಯನ್ನು ಒಪ್ಪಿಸಿದ ದೊರೆ, ಅದರ ಬದಲಿಗೆ ವೀರ ಅಕಿಲೀಸನ ಪಾಲಿಗೆ ಬಂದಿದ್ದ ಹೆಣ್ಣನ್ನು ಕಸಿದುಕೊಳ್ಳುತ್ತಾನೆ. ಅಕಿಲೀಸ್ ಕತ್ತಿಗೆ ಕೈಹಾಕುವಷ್ಟರಲ್ಲಿ ಅಥೀನಾ ದೇವಿ ಹಿಂದಿನಿಂದ ಅವನ ಕೂದಲು ಹಿಡಿದೆಳೆದು, ನನ್ನ ಮಾತು ಕೇಳುವುದಾದರೆ ತಡೆದುಕೋ ಎನ್ನುತ್ತಾಳೆ. 'ಕೇಳುವುದಾದರೆ' ಎಂಬುದನ್ನು ಗಮನಿಸಿ. ಕೂದಲು ಹಿಡಿದವಳೂ ಇಚ್ಛೆಯನ್ನು ಅವನಿಗೇ ಬಿಟ್ಟಿದ್ದಾಳೆ.

ಹತ್ತೊಂಬತ್ತನೆಯ ಸರ್ಗದಲ್ಲಿ ಅದೇ ಅಗಮೆಮ್ನಾನ್ ಸಭೆಯ ಮುಂದೆ, ಕಾರಣ ನಾನಲ್ಲ, ಸ್ಯೂಸ್ ದೇವನೂ ವಿಧಿಯೂ ನನ್ನ ಬುದ್ಧಿ ಕೆಡಿಸಿದರು ಎನ್ನುತ್ತಾನೆ. ಆದರೂ ಆ ಹೆಣ್ಣನ್ನು ಹಿಂದಿರುಗಿಸಿ, ಹನ್ನೆರಡು ಕುದುರೆ, ಹತ್ತು ತೂಕ ಚಿನ್ನ ಮುಂತಾದವನ್ನು ಪರಿಹಾರವಾಗಿ ಕೊಡುತ್ತಾನೆ. ಮಾತಿನಲ್ಲಿ ದೇವರನ್ನು ದೂರಿದರೂ ದಂಡವನ್ನು ಸ್ವಂತ ಬೊಕ್ಕಸದಿಂದಲೇ ತೆತ್ತ. ನಮ್ಮಲ್ಲಿ ಅನೇಕರು ಮೊದಲನೆಯದನ್ನಷ್ಟೇ ಕಲಿತಿದ್ದೇವೆ.

ಇನ್ನು ನಮ್ಮ ನಾಡಿಗೆ ಬನ್ನಿ. ಗದುಗಿನ ವೀರನಾರಾಯಣನ ಭಕ್ತ ಕುಮಾರವ್ಯಾಸ ತನ್ನ ಭಾರತದ ಉದ್ಯೋಗಪರ್ವದಲ್ಲಿ ಕೃಷ್ಣನ ತಂತ್ರವನ್ನು ಮುಚ್ಚಿಡುವುದಿಲ್ಲ. ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ಒಂಟಿಯಾಗಿ ಕರೆದು, ನೀನು ಕುಂತಿಯ ಹಿರಿಯ ಮಗ, ರಾಜ್ಯ ನಿನ್ನದು ಎಂದು ತಿಳಿಸುತ್ತಾನೆ. ಹೇಳಿದ್ದು ಸತ್ಯವೇ, ಹೇಳಿದ ಹೊತ್ತು ಮಾತ್ರ ಎದುರಾಳಿಯ ಎದೆ ಒಡೆಯುವ ಹೊತ್ತು. ತಾನು ಆರಾಧಿಸುವ ದೇವರನ್ನು ಹೀಗೆ ಚಿತ್ರಿಸಲು ಕವಿಗೆ ಎಷ್ಟು ಧೈರ್ಯ ಬೇಕು!

ಕರ್ಣನ ಕಣ್ಣು ತುಂಬುತ್ತದೆ. ಆದರೂ ಅನ್ನವಿಟ್ಟ ದುರ್ಯೋಧನನನ್ನು ಅವನು ಬಿಡುವುದಿಲ್ಲ. ಸೋಲು ಖಚಿತವೆಂದು ತಿಳಿದೂ ಮುಂದೆ ಸೇನಾಪತಿಯಾಗಿ ಎರಡು ದಿನ ಕಾದಾಡುತ್ತಾನೆ. ವಿಧಿಯನ್ನೋ ಕೃಷ್ಣನನ್ನೋ ನೆಪಮಾಡಿಕೊಂಡು ಪಕ್ಕಕ್ಕೆ ಸರಿಯಲು ಅವನಿಗೆ ಬೇಕಾದಷ್ಟು ಅವಕಾಶವಿತ್ತು.

ವ್ಯಾಸಭಾರತದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಗುಟ್ಟು ಯುಧಿಷ್ಠಿರನಿಗೆ ತಿಳಿಯದಿರಲಿ, ತಿಳಿದರೆ ಅವನು ರಾಜ್ಯವನ್ನು ನನಗೇ ಒಪ್ಪಿಸಿಬಿಡುತ್ತಾನೆ, ನಾನದನ್ನು ದುರ್ಯೋಧನನಿಗೆ ಕೊಡಬೇಕಾಗುತ್ತದೆ ಎಂದು ಕರ್ಣನೇ ಕೃಷ್ಣನನ್ನು ಕೇಳಿಕೊಳ್ಳುತ್ತಾನೆ. ಎದುರು ಪಕ್ಷದಲ್ಲಿ ನಿಂತೂ ರಾಜ್ಯಕ್ಕೆ ತಕ್ಕವನು ಯಾರೆಂದು ಅವನು ಬಲ್ಲ. ಯುದ್ಧ ಮುಗಿದು, ಸತ್ತವರಿಗೆ ತರ್ಪಣ ಬಿಡುವ ಹೊತ್ತಿನಲ್ಲಿ, ಕರ್ಣನಿಗೂ ನೀರು ಬಿಡು, ಅವನು ನಿನ್ನ ಅಣ್ಣ ಎಂದು ಕುಂತಿ ಹೇಳಿದಾಗಲೇ ಯುಧಿಷ್ಠಿರನಿಗೆ ಸಂಗತಿ ತಿಳಿದದ್ದು.