ಕಂಪ್ಯೂಟರಿನ ಹಾಜರಿ ಪಟ್ಟಿ

ಧರ್ಮಾವರಂ ಬಳಿಯ ನಿಮ್ಮಲಕುಂಟೆಯವರು ಆಡಿಸುವ ತೊಗಲುಗೊಂಬೆಯಾಟವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಪರದೆಯ ಮುಂದೆ ಕುಳಿತವರಿಗೆ ಕಾಣುವುದು ರಾಮ, ಲಕ್ಷ್ಮಣ, ಹನುಮಂತ ಇಷ್ಟೇ. ಪರದೆಯ ಹಿಂದೆ ದೀಪ ನೋಡಿಕೊಳ್ಳುವವರಿದ್ದಾರೆ, ಹಾಡುವವರಿದ್ದಾರೆ, ತಾಳ ಹಾಕುವವರಿದ್ದಾರೆ, ಮುಂದಿನ ಗೊಂಬೆಯನ್ನು ತೆಗೆದು ಕೈಗೆ ಕೊಡುವವರಿದ್ದಾರೆ. ಆಟ ನಡುವೆ ನಿಂತುಹೋದರೆ ಗೊಂಬೆಯನ್ನು ಬೈದು ಫಲವಿಲ್ಲ. ಪರದೆಯ ಹಿಂದೆ ಹೋಗಿ ಯಾರು ಏನು ಮಾಡುತ್ತಿದ್ದಾರೆಂದು ನೋಡಬೇಕು.

ಕಂಪ್ಯೂಟರಿನ ಮಾತೂ ಹೀಗೆಯೇ. ನೀವು ಒಂದು ಪುಟ ಬೆರಳಚ್ಚು ಮಾಡುತ್ತ ಕುಳಿತಿರುವಾಗ ಯಂತ್ರದೊಳಗೆ ನೂರಕ್ಕೂ ಮಿಕ್ಕಿ ಕೆಲಸಗಳು ನಡೆಯುತ್ತಿರಬಹುದು. ಇವುಗಳಿಗೆ ಪ್ರಕ್ರಿಯೆಗಳೆಂದು ಹೆಸರು. ಅವುಗಳ ಪಟ್ಟಿಯನ್ನು ಕೇಳಿ ಪಡೆಯುವುದು ಹೇಗೆ, ಪಡೆದ ಪಟ್ಟಿಯನ್ನು ಓದುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲಿಗೆ ಒಂದು ಭೇದವನ್ನು ತಿಳಿಯಬೇಕು. ಪ್ರೋಗ್ರಾಂ ಬೇರೆ, ಪ್ರಕ್ರಿಯೆ ಬೇರೆ. ವ್ಯಾಕರಣದ ಪಾಠದಲ್ಲಿ ಧಾತುವಿಗೂ ಕ್ರಿಯಾಪದಕ್ಕೂ ಇರುವ ವ್ಯತ್ಯಾಸವನ್ನು ಕಲಿತಿದ್ದೀರಷ್ಟೆ. ‘ಓದು’ ಎಂಬುದು ಧಾತು. ಅದು ಸುಮ್ಮನೆ ಇರುತ್ತದೆ. ‘ಸೀತೆ ಓದುತ್ತಿದ್ದಾಳೆ’ ಎಂದಾಗ ಅದಕ್ಕೊಬ್ಬ ಕರ್ತೃ, ಒಂದು ಕಾಲ ಬಂದು ಸೇರುತ್ತವೆ. ಡಿಸ್ಕಿನಲ್ಲಿ ಮಲಗಿರುವ ಪ್ರೋಗ್ರಾಂ ಧಾತುವಿನಂತೆ. ಯಾರೋ ಒಬ್ಬರು ಅದನ್ನು ಇಂಥ ಹೊತ್ತಿನಲ್ಲಿ ನಡೆಸಿದಾಗ ಅದು ಪ್ರಕ್ರಿಯೆಯಾಗುತ್ತದೆ. ಒಂದೇ ಧಾತುವಿನಿಂದ ಹಲವು ಕ್ರಿಯಾಪದಗಳು ಹುಟ್ಟುವಂತೆ ಒಂದೇ ಪ್ರೋಗ್ರಾಮಿನಿಂದ ಏಕಕಾಲಕ್ಕೆ ಹಲವು ಪ್ರಕ್ರಿಯೆಗಳು ಹುಟ್ಟಬಹುದು. ಆದ್ದರಿಂದಲೇ ಹೆಸರೊಂದನ್ನೇ ನಂಬಲಾಗದೆ ಪ್ರತಿಯೊಂದು ಪ್ರಕ್ರಿಯೆಗೂ ಯಂತ್ರವು ಒಂದು ಸಂಖ್ಯೆ ಕೊಡುತ್ತದೆ. ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ನಾವು ಕ್ರಮಸಂಖ್ಯೆ ಹಿಡಿದು ಕರೆಯುವುದಿಲ್ಲವೆ, ಹಾಗೆ.

ಇಷ್ಟೊಂದು ಕೆಲಸಗಳನ್ನು ಒಂದೇ ಯಂತ್ರ ಹೇಗೆ ಮಾಡುತ್ತದೆ? ಸರದಿಯ ಮೇಲೆ. ಒಂದಕ್ಕೆ ಸೆಕೆಂಡಿನ ಕಿಂಚಿತ್ ಭಾಗ, ಇನ್ನೊಂದಕ್ಕೆ ಕಿಂಚಿತ್ ಭಾಗ ಎಂದು ಹಂಚುತ್ತ ಹೋಗುತ್ತದೆ. ಆ ವೇಗಕ್ಕೆ ನಮ್ಮ ಕಣ್ಣಿಗೆ ಎಲ್ಲವೂ ಒಟ್ಟಿಗೆ ನಡೆದಂತೆ ತೋರುತ್ತದೆ. ಸಂಸ್ಕಾರಕಗಳು ಒಂದಕ್ಕಿಂತ ಹೆಚ್ಚಿದ್ದರೆ ಕೆಲವು ಕೆಲಸಗಳು ನಿಜವಾಗಿಯೂ ಒಟ್ಟಿಗೆ ನಡೆಯುತ್ತವೆ. ಇಲ್ಲಿ ನಮ್ಮ ರೊದ್ದಂ ಹೆಸರನ್ನು ಹೇಳಲೇಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಕಂಪ್ಯೂಟರು ಸಿದ್ಧವಾಯಿತು. ನಾಲ್ಕು ಸಂಸ್ಕಾರಕಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವಂತೆ ಅದನ್ನು ಕಟ್ಟಿದ್ದರು. ಗಾಳಿ, ನೀರುಗಳ ಹರಿವಿನ ಲೆಕ್ಕಕ್ಕೆಂದು ಹುಟ್ಟಿದ ಅದು ಭಾರತದ ಮೊದಲ ಸಮಾಂತರ ಕಂಪ್ಯೂಟರೆಂದು ಹೆಸರಾಯಿತು. ಆಗ ಆ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ (1933–2020). ಅವರ ಹೆಸರಿನ ಮೊದಲಲ್ಲಿ ಇರುವುದು ಅವರ ಹಿರಿಯರ ಊರು, ಪೆನ್ನೆಯ ದಡದ ಇದೇ ರೊದ್ದಂ. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು, ಕನ್ನಡದಲ್ಲಿ ವಿಜ್ಞಾನವನ್ನು ಬರೆದವರು. ವಿಜ್ಞಾನ ಕನ್ನಡದಲ್ಲಿ ಬಾರದು ಎನ್ನುವವರಿಗೆ ನಾನು ಈ ಮನೆತನವನ್ನು ತೋರಿಸುವುದುಂಟು. ಇಂದು ಶಾಲೆಯ ಸಾಮಾನ್ಯ ಯಂತ್ರದಲ್ಲಿಯೂ ಎರಡೋ ನಾಲ್ಕೋ ಸಂಸ್ಕಾರಕಗಳು ಒಂದೇ ಚಿಪ್ಪಿನೊಳಗೆ ಅಡಗಿರುತ್ತವೆ.

ಇನ್ನು ಪಟ್ಟಿಗೆ ಬರೋಣ. ಲಿನಕ್ಸ್ ಇರುವ ಯಂತ್ರವನ್ನು ಇಟ್ಟುಕೊಂಡು ಹೇಳುತ್ತೇನೆ. ಅದು ಉಚಿತವಾಗಿ ಸಿಗುತ್ತದೆ; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲೇ. ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದರೆ ಮಿಣುಕುವ ಒಂದು ಗುರುತು ನಿಮ್ಮ ಆಜ್ಞೆಗಾಗಿ ಕಾಯುತ್ತಿರುತ್ತದೆ. ಅಲ್ಲಿ ‘ಪಿಎಸ್’ ಎಂದು ಎರಡೇ ಅಕ್ಷರ ಒತ್ತಿ ಎಂಟರ್ ಕೀಲಿಯನ್ನು ಒತ್ತಿರಿ. (ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಒತ್ತುವಾಗ ಇಂಗ್ಲಿಷಿನ ಚಿಕ್ಕಕ್ಷರಗಳನ್ನೇ ಒತ್ತಬೇಕು.) ಈ ಆಜ್ಞೆ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು 1969ರಲ್ಲಿ ಆರಂಭಿಸಿದ ಯುನಿಕ್ಸ್ ವ್ಯವಸ್ಥೆಗೆ 1970ರ ದಶಕದ ಮೊದಲ ವರ್ಷಗಳಲ್ಲೇ ಇದು ಸೇರಿತು.

‘ನಮಗೆ ಇಂಗ್ಲಿಷ್ ಬಾರದು ಸಾರ್, ಇದು ನಮ್ಮಿಂದಾಗದು’ ಎಂದು ಹಿಂದೆ ಸರಿಯುವವರನ್ನು ಕಂಡಿದ್ದೇನೆ. ‘ಪಿಎಸ್’ ಎಂಬುದು ಯಾವ ಇಂಗ್ಲಿಷು? ಕಾನ್ವೆಂಟಿನಲ್ಲಿ ಓದಿದ ಹುಡುಗನಿಗೂ ಅದನ್ನು ಯಾರಾದರೂ ಹೇಳಿಕೊಡಬೇಕು. ಪಟ್ಟಿಯ ಅಂಕಣಗಳ ಅರ್ಥ ತಿಳಿದವನು ಪಟ್ಟಿಯನ್ನು ಓದುತ್ತಾನೆ, ತಿಳಿಯದವನು ಓದಲಾರ. ಭಾಷೆಯ ಪಾತ್ರ ಇದರಲ್ಲಿ ಬಹಳ ಕಡಿಮೆ.

ಬರಿಯ ‘ಪಿಎಸ್’ ಕೊಟ್ಟರೆ ಸಾಮಾನ್ಯವಾಗಿ ಎರಡೇ ಸಾಲು ಬರುತ್ತದೆ. ಒಂದು, ನಿಮ್ಮ ಆಜ್ಞೆಗಳನ್ನು ಕೇಳಿಸಿಕೊಳ್ಳುವ ‘ಬ್ಯಾಶ್’. ಇನ್ನೊಂದು, ಆ ‘ಪಿಎಸ್’ ತಾನೇ! ಹಾಜರಿ ಕೂಗಿದವನೂ ಹಾಜರಿಯಲ್ಲಿ ಸೇರಿಬಿಟ್ಟ. ಉಳಿದವರೆಲ್ಲ ಎಲ್ಲಿ? ಏನೂ ಸೇರಿಸದೆ ಕೊಟ್ಟ ಆಜ್ಞೆ ನೀವು ಕುಳಿತ ಆ ಒಂದು ಕಿಟಕಿಯ ಮಟ್ಟಿಗೆ ಮಾತ್ರ ಕೂಗುತ್ತದೆ. ಇಡೀ ಯಂತ್ರದ ಹಾಜರಿ ಬೇಕಾದರೆ ‘ಪಿಎಸ್’ ಬರೆದು, ಸ್ವಲ್ಪ ಜಾಗ ಬಿಟ್ಟು, ಒಂದು ಅಡ್ಡಗೆರೆ ಹಾಕಿ ‘ಇಎಫ್’ ಎಂದು ಸೇರಿಸಬೇಕು. ಇ ಎಂದರೆ ಎಲ್ಲವೂ, ಎಫ್ ಎಂದರೆ ಪೂರ್ಣ ವಿವರದೊಂದಿಗೆ.

ಈಗ ಉದ್ದನೆಯ ಪಟ್ಟಿ ಬರುತ್ತದೆ. ಮೊದಲ ಅಂಕಣದಲ್ಲಿ ಯಾರ ಹೆಸರಿನಲ್ಲಿ ಕೆಲಸ ನಡೆದಿದೆ ಎಂಬುದು. ಎರಡನೆಯದು ಪ್ರಕ್ರಿಯೆಯ ಸಂಖ್ಯೆ. ಮೂರನೆಯದು ನನಗೆ ಬಹಳ ಪ್ರಿಯವಾದ ಅಂಕಣ: ಈ ಪ್ರಕ್ರಿಯೆಯನ್ನು ಹುಟ್ಟಿಸಿದ ತಾಯಿ ಪ್ರಕ್ರಿಯೆಯ ಸಂಖ್ಯೆ. ಇದನ್ನು ಹಿಡಿದು ಮೇಲೆ ಮೇಲೆ ಹೋದರೆ ವಂಶವೃಕ್ಷವನ್ನೇ ಬರೆಯಬಹುದು. ‘ಪಿಎಸ್’ನ ತಾಯಿ ಬ್ಯಾಶ್, ಬ್ಯಾಶಿನ ತಾಯಿ ಟರ್ಮಿನಲ್, ಹೀಗೆ ಏರುತ್ತ ಸಾಮಾನ್ಯವಾಗಿ ಸಂಖ್ಯೆ 1ನ್ನು ಮುಟ್ಟುತ್ತೇವೆ. ಯಂತ್ರ ಎಚ್ಚರವಾದಾಗ ಮೊಟ್ಟಮೊದಲು ಹುಟ್ಟುವ ಆ ಮೂಲಪುರುಷನಿಗೆ ಇಂದಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ‘ಸಿಸ್ಟಂಡಿ’ ಎಂದು ಹೆಸರು.

ಕಾಲದ ಅಂಕಣವನ್ನು ಓದುವಾಗ ಹಲವರು ಎಡವುತ್ತಾರೆ. ಅಲ್ಲಿ ಕಾಣುವುದು ಪ್ರಕ್ರಿಯೆ ಹುಟ್ಟಿ ಎಷ್ಟು ಹೊತ್ತಾಯಿತು ಎಂಬುದಲ್ಲ. ಸಂಸ್ಕಾರಕವನ್ನು ಅದು ಒಟ್ಟು ಎಷ್ಟು ಹೊತ್ತು ದುಡಿಸಿಕೊಂಡಿತು ಎಂಬುದು. ಬೆಳಗ್ಗೆ ಆರಂಭವಾದ ಪ್ರಕ್ರಿಯೆಯ ಮುಂದೆ ಸಂಜೆಯೂ ಸೊನ್ನೆ ಇರಬಹುದು. ಅದು ಬಂದು ಸುಮ್ಮನೆ ಕುಳಿತಿದೆ ಎಂದರ್ಥ.

ಅಡ್ಡಗೆರೆಯಿಲ್ಲದೆ ‘ಪಿಎಸ್ ಎಯುಎಕ್ಸ್’ ಎಂದು ಕೊಟ್ಟರೆ ಇನ್ನೊಂದು ಬಗೆಯ ಪಟ್ಟಿ ಬರುತ್ತದೆ. ಸಂಸ್ಕಾರಕದಲ್ಲಿ ಶೇಕಡಾ ಎಷ್ಟು, ಸ್ಮೃತಿಯಲ್ಲಿ ಶೇಕಡಾ ಎಷ್ಟು ಬಳಕೆ ಎಂಬುದು ಇದರಲ್ಲಿ ತಿಳಿಯುತ್ತದೆ. ಸ್ಥಿತಿಯ ಅಂಕಣವೂ ಒಂದಿದೆ. ಆರ್ ಎಂದರೆ ಓಡುತ್ತಿದೆ, ಇಲ್ಲವೆ ಸರದಿಗೆ ಸಿದ್ಧವಾಗಿದೆ; ಎಸ್ ಎಂದರೆ ಏನನ್ನೋ ಕಾಯುತ್ತ ಮಲಗಿದೆ. ಪಟ್ಟಿಯಲ್ಲಿ ಮಲಗಿದವೇ ಹೆಚ್ಚು! ಝಡ್ ಎಂಬುದು ವಿಚಿತ್ರವಾದದ್ದು: ಕೆಲಸ ಮುಗಿಸಿ ಸತ್ತ ಪ್ರಕ್ರಿಯೆ, ಆದರೆ ತಾಯಿ ಪ್ರಕ್ರಿಯೆ ಅದರ ಲೆಕ್ಕ ತೀರಿಸಿಲ್ಲ. ಟಿ.ಸಿ. ತೆಗೆದುಕೊಂಡು ಹೋದ ಹುಡುಗನ ಹೆಸರನ್ನು ರಿಜಿಸ್ಟರಿನಿಂದ ಹೊಡೆಯದೆ ಬಿಟ್ಟಂತೆ. ಅದನ್ನು ಕೊಲ್ಲಲು ಹೊರಡುವುದು ವ್ಯರ್ಥ, ಇಲ್ಲದವನನ್ನು ಹೊಡೆಯುವುದು ಹೇಗೆ?

ಶೇಕಡಾ ಅಂಕಣದ ಬಗ್ಗೆ ಒಂದು ಎಚ್ಚರಿಕೆ. ‘ಪಿಎಸ್’ ಕೊಡುವ ಸಂಸ್ಕಾರಕದ ಶೇಕಡಾ ಆ ಪ್ರಕ್ರಿಯೆಯ ಇಡೀ ಆಯುಷ್ಯದ ಸರಾಸರಿ. ಮೂರು ತಾಸು ಸುಮ್ಮನಿದ್ದು ಈಗಷ್ಟೆ ಹುಚ್ಚು ಹಿಡಿದ ಪ್ರಕ್ರಿಯೆ ಅದರಲ್ಲಿ ಸಾಧುವಿನಂತೆಯೇ ಕಾಣುತ್ತದೆ. ಸದ್ಯದ ಸ್ಥಿತಿ ತಿಳಿಯಬೇಕಾದರೆ ‘ಟಾಪ್’ ಎಂಬ ಆಜ್ಞೆ ಕೊಡಬೇಕು. ‘ಪಿಎಸ್’ ಒಂದು ಛಾಯಾಚಿತ್ರ. ‘ಟಾಪ್’ ಕೆಲವು ಸೆಕೆಂಡಿಗೊಮ್ಮೆ ತಾನೇ ಬದಲಾಗುತ್ತ ಹೆಚ್ಚು ದುಡಿಸಿಕೊಳ್ಳುವವರನ್ನು ಮೇಲೆ ತೋರಿಸುತ್ತದೆ. ಅದರಿಂದ ಹೊರಬರಲು ಕ್ಯೂ ಅಕ್ಷರ ಒತ್ತಿದರಾಯಿತು.

ಇದೆಲ್ಲ ಏತಕ್ಕೆ ಎಂದು ಕೇಳಬಹುದು. ನಮ್ಮ ಮಕ್ಕಳಲ್ಲಿ ಅನೇಕರಿಗೆ ಮನೆಯಲ್ಲಿ ಕಂಪ್ಯೂಟರಿಲ್ಲ, ಶಾಲೆಯ ಯಂತ್ರವೇ ಗತಿ. ಅದೂ ವಾರಕ್ಕೊಂದು ಪೀರಿಯಡ್ಡು. ಒಮ್ಮೆ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ ತನ್ನ ಅಜ್ಜಿ ಹೇಳಿದ ಬರಗಾಲದ ಕಥೆಯನ್ನು ಇದೇ ವಾರ್ಷಿಕ ಸಂಚಿಕೆಗಾಗಿ ಮೂರು ಪುಟ ಬೆರಳಚ್ಚು ಮಾಡಿದ್ದಳು, ಉಳಿಸಿರಲಿಲ್ಲ. ಪರದೆ ಮರಗಟ್ಟಿತು. ಇಲಿ ಅಲುಗದು, ಕೀಲಿ ಕೇಳದು. ಪಕ್ಕದ ಹುಡುಗ ಆಗಲೇ ಗೋಡೆಯ ಸ್ವಿಚ್ಚಿಗೆ ಕೈ ಹಾಕಿದ್ದ. ಅದನ್ನು ಆರಿಸಿದ್ದರೆ ಮೂರು ಪುಟವೂ ಹೋಗುತ್ತಿತ್ತು. ಅವಳು ಕಂಟ್ರೋಲ್, ಆಲ್ಟ್, ಎಫ್3 ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಚಿತ್ರಗಳಿಲ್ಲದ ಕಪ್ಪು ಪರದೆ ಬಂತು. ಹೆಸರು, ಗುಪ್ತಪದ ಕೊಟ್ಟು ಒಳಹೊಕ್ಕು ‘ಪಿಎಸ್ ಎಯುಎಕ್ಸ್’ ಕೇಳಿದಳು. ಆಗತಾನೆ ಯಾರೋ ತೆರೆದಿದ್ದ ಅಂತರಜಾಲದ ಒಂದು ಪುಟ ಸಂಸ್ಕಾರಕವನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿ ಕುಳಿತಿತ್ತು. ‘ಕಿಲ್’ ಎಂದು ಬರೆದು ಅದರ ಸಂಖ್ಯೆ ಕೊಟ್ಟಳು. ಎಫ್2 ಒತ್ತಿ ಮರಳಿದಾಗ ಅಜ್ಜಿಯ ಕಥೆ ಇದ್ದಲ್ಲೇ ಇತ್ತು. (ಕೆಲವು ಯಂತ್ರಗಳಲ್ಲಿ ಮರಳಲು ಎಫ್1, ಹಳೆಯವುಗಳಲ್ಲಿ ಎಫ್7.)

‘ಕಿಲ್’ ಎಂಬ ಮಾತು ಕ್ರೂರವಾಗಿ ಕೇಳಿಸಿದರೂ ಸಾಮಾನ್ಯ ರೂಪದಲ್ಲಿ ಅದು ಒಂದು ವಿನಂತಿ: ಸಾಮಾನು ಕಟ್ಟಿಕೊಂಡು ಹೊರಡು ಎಂದಂತೆ. ಅಡ್ಡಗೆರೆ ಹಾಕಿ 9 ಸೇರಿಸಿದರೆ ಮಾತ್ರ ಕತ್ತು ಹಿಡಿದು ದಬ್ಬಿದಂತಾಗುತ್ತದೆ. ಉಳಿಸಿಕೊಳ್ಳಲು ಅದಕ್ಕೆ ಅವಕಾಶವೇ ಸಿಗದು. ಕೆಲವು ಹುಡುಗರು ಮೊದಲೇ 9 ಹಾಕುತ್ತಾರೆ. ನನಗೆ ಅದು ಸರಿಕಾಣದು. ವಿನಂತಿಗೆ ಬಗ್ಗದಿದ್ದಾಗ ಅದನ್ನು ಬಳಸಲಿ.

ಅಪರಿಚಿತ ಹೆಸರು ಕಂಡೊಡನೆ ತೆಗೆದುಹಾಕುವುದೂ ಸಲ್ಲದು. ಪಟ್ಟಿಯಲ್ಲಿ ‘ಐಬಸ್’ ಎಂದು ಆರಂಭವಾಗುವ ಹೆಸರುಗಳು ಇರಬಹುದು. ಇದ್ಯಾವ ಬಸ್ಸು ಎಂದು ನಕ್ಕು ಅದನ್ನು ನಿಲ್ಲಿಸಿದರೆ ಪರದೆಯ ಮೇಲೆ ಕನ್ನಡ ಮೂಡುವುದೇ ನಿಂತೀತು. ನೀವು ಒತ್ತಿದ ಕೀಲಿಗಳನ್ನು ಕನ್ನಡ ಅಕ್ಷರಗಳನ್ನಾಗಿ ಮಾಡಿಕೊಡುವ ಆಳು ಅದು. ಯಂತ್ರ ಆರೋಗ್ಯವಾಗಿರುವ ದಿನವೇ ಪಟ್ಟಿಯನ್ನು ಒಮ್ಮೆ ಓದಿ ಹೆಸರುಗಳ ಪರಿಚಯ ಮಾಡಿಕೊಂಡಿರಬೇಕು. ಇನ್ನೊಬ್ಬರ ಹೆಸರಿನಲ್ಲಿರುವ ಪ್ರಕ್ರಿಯೆಯನ್ನು ನಿಲ್ಲಿಸಲು ಯಂತ್ರವೇ ಬಿಡುವುದಿಲ್ಲ. ಆ ಅಧಿಕಾರ ಮೇಲ್ವಿಚಾರಕರದು.

ವಿಂಡೋಸ್ ಇರುವ ಯಂತ್ರವಾದರೆ ಕಮಾಂಡ್ ಪ್ರಾಂಪ್ಟ್ ತೆರೆದು ‘ಟಾಸ್ಕ್‌ಲಿಸ್ಟ್’ ಎಂದು ಕೇಳಬೇಕು. ಹೆಸರು, ಸಂಖ್ಯೆ, ಸ್ಮೃತಿಯ ಬಳಕೆ ಬರುತ್ತವೆ. ನಿಲ್ಲಿಸುವ ಆಜ್ಞೆ ‘ಟಾಸ್ಕ್‌ಕಿಲ್’. ಸಂಖ್ಯೆಯ ಮೊದಲು ಓರೆಗೆರೆಯೊಂದಿಗೆ ‘ಪಿಐಡಿ’ ಎಂದು ಬರೆಯುವುದನ್ನು ಮರೆಯಬಾರದು.

ಮುಂದಿನ ಪೀರಿಯಡ್ಡಿಗೆ ಅಭ್ಯಾಸ: ಎರಡು ಟರ್ಮಿನಲ್‌ಗಳನ್ನು ತೆರೆದು ಎರಡರಲ್ಲೂ ಬರಿಯ ‘ಪಿಎಸ್’ ಕೊಡಿರಿ. ಬ್ಯಾಶಿನ ಸಂಖ್ಯೆ ಎರಡರಲ್ಲಿಯೂ ಒಂದೇ ಇದೆಯೆ? ಒಂದೇ ಕಿಟಕಿಯಲ್ಲಿ ಎರಡು ಸಲ ಕೊಟ್ಟಾಗ ‘ಪಿಎಸ್’ನ ಸಂಖ್ಯೆ ಬದಲಾಗುವುದೇಕೆ? ಕೊನೆಯದಾಗಿ, ಪೂರ್ಣ ಪಟ್ಟಿಯಿಂದ ಯಾವುದಾದರೂ ಒಂದು ಪ್ರಕ್ರಿಯೆಯನ್ನು ಆರಿಸಿ ಸಂಖ್ಯೆ 1ರವರೆಗೆ ಅದರ ವಂಶವೃಕ್ಷವನ್ನು ನೋಟುಪುಸ್ತಕದಲ್ಲಿ ಬರೆದು ತನ್ನಿರಿ.