ಇಲಾಖೆಯ ಪುಟದಲ್ಲಿ ದೂರು ಹಾಕಿದ್ದಾಯಿತು, ಮುಂದೇನು?

2013ರ ಜೂನ್‌ನಲ್ಲಿ ಬೆಂಗಳೂರಿನಲ್ಲೊಂದು ಕಾರು ಆಟೊಕ್ಕೆ ಡಿಕ್ಕಿಯಾಗಿ, ಆಟೊದಲ್ಲಿದ್ದವರೊಬ್ಬರಿಗೆ ಗಾಯವಾಯಿತು. ಕಾರು ಓಡಿಸುತ್ತಿದ್ದ ಮಹಿಳೆಯನ್ನು ಸಂಚಾರ ಠಾಣೆಗೆ ಕರೆಸಿದರು. ಅಲ್ಲಿ ಇನ್‌ಸ್ಪೆಕ್ಟರ್ ಒರಟಾಗಿ ನಡೆದುಕೊಂಡರು, ಬೆದರಿಸಿದರು ಎಂಬುದು ಆಕೆಯ ಆರೋಪ. ಗಂಡ ಹೆಂಡತಿ ಇಬ್ಬರೂ ಅದನ್ನು ಬೆಂಗಳೂರು ಸಂಚಾರ ಪೊಲೀಸರದೇ ಫೇಸ್‌ಬುಕ್ ಪುಟದಲ್ಲಿ ಬರೆದರು. ಅದಕ್ಕೆ ಇನ್‌ಸ್ಪೆಕ್ಟರ್ ದೂರು ಕೊಟ್ಟರು, ದಂಪತಿಯ ಮೇಲೆ ಎಫ್‌ಐಆರ್ ದಾಖಲಾಯಿತು. ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿ (ಐಪಿಸಿ 353), ಕ್ರಿಮಿನಲ್ ಬೆದರಿಕೆ (506). ಪ್ರಕರಣ ರದ್ದುಪಡಿಸಲು ಹೈಕೋರ್ಟ್ ಒಪ್ಪಲಿಲ್ಲ. ಕೊನೆಗೆ 2015ರ ಜನವರಿ 20ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಆ ತೀರ್ಪಿನಲ್ಲಿ ನಮಗೆ ಬೇಕಾದ ಅಂಶ ಒಂದೇ. ಪೊಲೀಸರು ಆ ಪುಟ ತೆರೆದದ್ದೇ ಸಾರ್ವಜನಿಕರು ಅಹವಾಲು ಹೇಳಿಕೊಳ್ಳಲಿ ಎಂದು. ಅಲ್ಲಿ ಅಹವಾಲು ಹೇಳಿಕೊಂಡರೆ ಅದು ಬೆದರಿಕೆಯಾಗುವುದಿಲ್ಲ. ಇನ್ನು 353 ನಿಲ್ಲಬೇಕಾದರೆ ಹಲ್ಲೆ ಅಥವಾ ಬಲಪ್ರಯೋಗ ನಡೆದಿರಬೇಕು. ಕಮೆಂಟ್ ಬರೆದವರು ಯಾರ ಮೈಯನ್ನೂ ಮುಟ್ಟಿಲ್ಲ. ಈ ಕಲಂಗಳು ಈಗ ಭಾರತೀಯ ನ್ಯಾಯ ಸಂಹಿತೆಯ 132 ಮತ್ತು 351 ಆಗಿವೆ. ಸಂಖ್ಯೆ ಬದಲಾದರೂ ತೀರ್ಪಿನ ತರ್ಕ ಹಾಗೇ ಅನ್ವಯಿಸುತ್ತದೆ. ಆ ತೀರ್ಪು ಬಂದ 2015ರಲ್ಲೇ, ಮಾರ್ಚ್ 24ರಂದು, ಜಾಲತಾಣದ ‘ಆಕ್ಷೇಪಾರ್ಹ’ ಬರಹಕ್ಕೆ ಶಿಕ್ಷೆ ವಿಧಿಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮೂ ಬಿದ್ದುಹೋಯಿತು. ಕೋವಿಡ್ ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ 30ರಂದು, ಆಕ್ಸಿಜನ್ ಬೇಕೆಂದು ಜಾಲತಾಣದಲ್ಲಿ ಮೊರೆಯಿಟ್ಟವರ ಮೇಲೆ ಕ್ರಮ ಕೈಗೊಂಡರೆ ನ್ಯಾಯಾಂಗ ನಿಂದನೆ ಎಂದು ಪರಿಗಣಿಸುವುದಾಗಿಯೂ ಸುಪ್ರೀಂ ಕೋರ್ಟ್ ಎಚ್ಚರಿಸಿತು.

ಹಾಗೆಂದು ಏನು ಬೇಕಾದರೂ ಬರೆಯಬಹುದು ಎಂದಲ್ಲ. ಮಾನನಷ್ಟ ಈಗಲೂ ಅಪರಾಧವೇ (ಸಂಹಿತೆಯ 356). ಅಧಿಕಾರಿಯ ಕರ್ತವ್ಯ ನಿರ್ವಹಣೆಯ ಬಗ್ಗೆ ಸದ್ಭಾವನೆಯಿಂದ ಹೇಳಿದ ಅಭಿಪ್ರಾಯಕ್ಕೆ ಅದರಲ್ಲಿ ವಿನಾಯಿತಿ ಇದೆ, ಮೇಲಧಿಕಾರಿಗೆ ಕೊಟ್ಟ ದೂರಿಗೂ ಇದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೌಂಟರ್‌ನಲ್ಲಿ, ಯಾರು ಏನು ಹೇಳಿದರು ಎಂದಷ್ಟೇ ಬರೆಯಿರಿ. ‘ಎಲ್ಲರೂ ಲಂಚಕೋರರು’ ಎಂಬ ಸಾಲಿನಿಂದ ಕೆಲಸವೂ ಆಗುವುದಿಲ್ಲ, ರಕ್ಷಣೆಯೂ ಸಿಗುವುದಿಲ್ಲ.

ಸರಿ, ಬರೆದಿರಿ. ‘ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ’ ಎಂದು ಇಲಾಖೆಯ ಖಾತೆಯಿಂದ ಉತ್ತರವೂ ಬಂತು. ಬಹಳ ಜನ ಮೋಸಹೋಗುವುದು ಇಲ್ಲೇ. ಆ ಉತ್ತರಕ್ಕೆ ಕಾನೂನಿನಲ್ಲಿ ಗಡುವಿಲ್ಲ, ಕಡತದ ಸಂಖ್ಯೆಯಿಲ್ಲ, ತಪ್ಪಿದರೆ ದಂಡವೂ ಇಲ್ಲ. ಟಪಾಲಿನಲ್ಲಿ ಅರ್ಜಿ ಕೊಟ್ಟು ಮುದ್ರೆ ಹಾಕಿಸಿಕೊಂಡ ಸ್ವೀಕೃತಿಗೆ ಇರುವ ತೂಕ ಅದಕ್ಕಿಲ್ಲ. ಗಡುವು ಓಡುವ ದಾರಿಗಳೇ ಬೇರೆ. ಜಾತಿ ಆದಾಯ ಪ್ರಮಾಣಪತ್ರದಂಥ ಸೇವೆಯಾದರೆ 2011ರ ಸಕಾಲ ಕಾಯ್ದೆ. ಅರ್ಜಿ ಕೊಟ್ಟ ಕೂಡಲೇ ಅದರ ಜಾಡು ಹಿಡಿಯಲು ಬೇಕಾದ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ರಸ್ತೆ, ಚರಂಡಿ, ಕಚೇರಿಯ ಸತಾಯಿಸುವಿಕೆಯಂಥ ಕುಂದುಕೊರತೆಗೆ ರಾಜ್ಯದ ಜನಸ್ಪಂದನ ವ್ಯವಸ್ಥೆಯಿದೆ, ಸಹಾಯವಾಣಿ 1902. ಅಲ್ಲಿ ದೂರಿಗೆ ನೋಂದಣಿ ಸಂಖ್ಯೆ ಸಿಗುತ್ತದೆ. ಪೋಸ್ಟ್‌ನ ಕೆಳಗೆ ಆ ಸಂಖ್ಯೆ ಬರೆದು ನೋಡಿ, ಉತ್ತರದ ಧಾಟಿಯೇ ಬದಲಾಗುತ್ತದೆ.

ಮೂರನೆಯದು ಮಾಹಿತಿ ಹಕ್ಕು. 2005ರ ಕಾಯ್ದೆಯ 2(ಎಫ್) ಕಲಂ ‘ಮಾಹಿತಿ’ ಎಂದರೇನು ಎಂದು ಹೇಳುವಾಗ ಇ-ಮೇಲ್, ಸುತ್ತೋಲೆ, ಯಾವುದೇ ಎಲೆಕ್ಟ್ರಾನಿಕ್ ರೂಪದಲ್ಲಿರುವ ದತ್ತಾಂಶ ಎಲ್ಲವನ್ನೂ ಸೇರಿಸಿದೆ. ಇಲಾಖೆಯ ಅಧಿಕೃತ ಖಾತೆಗೆ ಬಂದ ದೂರು, ಅದರ ಮೇಲೆ ನಡೆದ ಪತ್ರವ್ಯವಹಾರ ಇದರಿಂದ ಹೊರಗೆ ಎನ್ನಲು ನನಗಂತೂ ಕಾರಣ ಕಾಣುವುದಿಲ್ಲ. ಅರ್ಜಿಯಲ್ಲಿ ‘ಯಾಕೆ ಕ್ರಮ ಕೈಗೊಂಡಿಲ್ಲ?’ ಎಂದು ಕೇಳಬೇಡಿ. ಸಾರ್ವಜನಿಕ ಮಾಹಿತಿ ಅಧಿಕಾರಿ ಇರುವ ದಾಖಲೆ ಕೊಡಬೇಕೇ ಹೊರತು ವಿವರಣೆ ಕೊಡಬೇಕಿಲ್ಲ, ಅಷ್ಟೇ ನೆಪ ಅವರಿಗೆ ಸಾಕು. ಹೀಗೆ ಬರೆಯಿರಿ:

‘ದಿನಾಂಕ ... ರಂದು ನಿಮ್ಮ ಇಲಾಖೆಯ ಎಕ್ಸ್ ಖಾತೆಯಲ್ಲಿ ನಾನು ಸಲ್ಲಿಸಿದ ದೂರಿನ (ಕೊಂಡಿ ಹಾಗೂ ಮುದ್ರಿತ ಪ್ರತಿ ಲಗತ್ತಿಸಿದೆ) ಮೇಲೆ ಈವರೆಗೆ ಕೈಗೊಂಡ ಕ್ರಮದ ಕಡತದ ಟಿಪ್ಪಣಿ ಹಾಳೆ ಮತ್ತು ಪತ್ರವ್ಯವಹಾರದ ದೃಢೀಕೃತ ಪ್ರತಿ. ದೂರು ವರ್ಗಾವಣೆಯಾಗಿದ್ದರೆ ಅದರ ದಿನಾಂಕ ಹಾಗೂ ಸ್ವೀಕರಿಸಿದ ಅಧಿಕಾರಿಯ ಪದನಾಮ. ಸಾಮಾಜಿಕ ಜಾಲತಾಣದ ದೂರುಗಳ ನಿರ್ವಹಣೆಗೆ ಇಲಾಖೆ ಸುತ್ತೋಲೆ ಹೊರಡಿಸಿದ್ದರೆ ಅದರ ಪ್ರತಿ ಒದಗಿಸುವುದು.’

ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಕಾರಣ ಹೇಳಬೇಕಿಲ್ಲ. ‘ನಮಗೆ ಸಂಬಂಧಿಸಿದ್ದಲ್ಲ’ ಎಂದು ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. 6(3)ರ ಪ್ರಕಾರ ಐದು ದಿನದೊಳಗೆ ಸಂಬಂಧಪಟ್ಟ ಕಚೇರಿಗೆ ಅವರೇ ಕಳಿಸಬೇಕು.

ಇಷ್ಟೆಲ್ಲ ಕೇಳಿಯೇ ಪಡೆಯಬೇಕೆ? ಬೇಕಿಲ್ಲ ಎನ್ನುತ್ತದೆ ಅದೇ ಕಾಯ್ದೆಯ 4ನೇ ಕಲಂ. 4(1)(ಬಿ) ಅಡಿ 17 ಬಗೆಯ ಮಾಹಿತಿಯನ್ನು ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕು: ಅಧಿಕಾರಿಗಳ ಅಧಿಕಾರ ಮತ್ತು ಕರ್ತವ್ಯ, ಅವರ ಮಾಸಿಕ ವೇತನ, ಬಜೆಟ್ ಹಂಚಿಕೆ, ಸಹಾಯಧನದ ಫಲಾನುಭವಿಗಳು, ಪರವಾನಗಿ ಪಡೆದವರು ಇತ್ಯಾದಿ. ಕಾಯ್ದೆ ಬಂದ 120 ದಿನದಲ್ಲಿ ಮೊದಲ ಪ್ರಕಟಣೆ ಆಗಬೇಕಿತ್ತು, ಆಮೇಲೆ ವರ್ಷವರ್ಷ ಪರಿಷ್ಕರಣೆ. ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎಂದು 4(4) ಹೇಳುತ್ತದೆ. ಅಂದರೆ ಕನ್ನಡದಲ್ಲಿ ಕೊಡುವುದು ಉಪಕಾರವೇನಲ್ಲ. ಆದರೆ ಎಷ್ಟೋ ಇಲಾಖೆಗಳ ಜಾಲತಾಣದಲ್ಲಿ ‘ಮಾಹಿತಿ ಹಕ್ಕು’ ಎಂಬ ಗುಂಡಿ ಒತ್ತಿದರೆ ತೆರೆಯುವುದು ಓರೆಯಾಗಿ ಸ್ಕ್ಯಾನ್ ಮಾಡಿದ, ಹುಡುಕಲು ಬಾರದ ಹಳೆಯ ಪಿಡಿಎಫ್. ಅದರಲ್ಲಿ ಮಾಹಿತಿ ಅಧಿಕಾರಿ ಎಂದು ಇರುವ ಹೆಸರು ಎಂದೋ ವರ್ಗವಾಗಿ ಹೋದವರದು. ಅದೇ ಇಲಾಖೆಯ ಫೇಸ್‌ಬುಕ್ ಪುಟದಲ್ಲಿ ಸಚಿವರ ಬೆಳಗಿನ ಸಭೆಯ ಫೋಟೊ ಮಧ್ಯಾಹ್ನದೊಳಗೆ ಬಂದಿರುತ್ತದೆ. ಫೋಟೊ ಹಾಕುವುದಕ್ಕೆ ಯಾವ ಕಾನೂನೂ ಒತ್ತಾಯಿಸುವುದಿಲ್ಲ, ಪಟ್ಟಿ ಹಾಕುವುದಕ್ಕೆ ಒತ್ತಾಯಿಸುತ್ತದೆ.

ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಭೂಮಿ ಯೋಜನೆಯಿಂದಾಗಿ ಯಾರ ಜಮೀನಿನ ಪಹಣಿಯನ್ನಾದರೂ ಮನೆಯಲ್ಲೇ ಕೂತು ನೋಡಬಹುದು. ರಾಜಸ್ಥಾನ 2019ರಲ್ಲಿ ತೆರೆದ ಜನ ಸೂಚನಾ ಪೋರ್ಟಲ್‌ನ ದಾರಿಯಲ್ಲೇ ನಮ್ಮ ‘ಮಾಹಿತಿ ಕಣಜ’ ಬಂದಿದೆ. ಊರಿನ ನ್ಯಾಯಬೆಲೆ ಅಂಗಡಿಯ ವಿವರದಂಥವು ಅರ್ಜಿಯಿಲ್ಲದೆ ಅಲ್ಲಿ ಸಿಗುತ್ತವೆ. ಇಲಾಖೆಗಳು ಸಾಮಾಜಿಕ ಜಾಲತಾಣವನ್ನು ಹೇಗೆ ಬಳಸಬೇಕು ಎಂಬುದಕ್ಕೆ ಕೇಂದ್ರ ಸರ್ಕಾರ 2012ರಲ್ಲೇ ಮಾರ್ಗಸೂಚಿ ತಂದಿತ್ತು: ಖಾತೆ ಯಾತಕ್ಕೆ, ಯಾರು ಉತ್ತರಿಸಬೇಕು, ಯಾವ ವಿಷಯಕ್ಕೆ ಎಂಬುದೆಲ್ಲ ಮೊದಲೇ ತೀರ್ಮಾನವಾಗಿರಲಿ ಎಂಬುದು ಅದರ ಸಾರ. ಮಾರ್ಗಸೂಚಿ ಕಾನೂನಲ್ಲ, ಅದನ್ನು ಹಿಡಿದು ಕೋರ್ಟಿಗೆ ಹೋಗುವುದು ಕಷ್ಟ. ನನ್ನ ಮಟ್ಟಿಗೆ ಒಂದೇ ಸುಧಾರಣೆ ಸಾಕಿತ್ತು. ಖಾತೆಗೆ ಬರುವ ಪ್ರತಿ ದೂರನ್ನೂ ಜನಸ್ಪಂದನದಲ್ಲಿ ನೋಂದಾಯಿಸಿ ಅದರ ಸಂಖ್ಯೆಯನ್ನು ಅಲ್ಲೇ ಉತ್ತರವಾಗಿ ಕೊಡುವುದು.

ಎಚ್ಚರಿಕೆಯ ಒಂದೆರಡು ಮಾತು. ಬಹಿರಂಗ ಪೋಸ್ಟ್‌ನಲ್ಲಿ ಆಧಾರ್, ಫೋನ್ ನಂಬರು ಹಾಕಬೇಡಿ. ಇಲಾಖೆಯ ಹೆಸರಲ್ಲಿ ನಕಲಿ ಖಾತೆ ಮಾಡಿಕೊಂಡು ‘ಡೀಟೇಲ್ಸ್ ಕಳಿಸಿ’ ಎಂದು ಬಂದು ಒಟಿಪಿ ಕೇಳುವ ವಂಚಕರು ಇಂಥ ಪೋಸ್ಟ್‌ಗಳಿಗೇ ಹೊಂಚು ಹಾಕುತ್ತಾರೆ. ಖಾತೆಯ ಕೊಂಡಿ ಇಲಾಖೆಯ ಅಧಿಕೃತ ಜಾಲತಾಣದಲ್ಲಿದೆಯೇ ನೋಡಿಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆದಿಡಿ, ಮೂಲ ಕೊಂಡಿಯನ್ನೂ ಇಟ್ಟುಕೊಳ್ಳಿ. ಕೋರ್ಟಿನಲ್ಲಿ ಅದು ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಇನ್ನು ಮಾಹಿತಿ ಹಕ್ಕು ಕಾಯ್ದೆಯಲ್ಲಿ ‘ವೈಯಕ್ತಿಕ ಮಾಹಿತಿ’ ಎಂದು ನಿರಾಕರಿಸಲು ಬಳಸುವ 8(1)(ಜೆ)ಯನ್ನು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನಷ್ಟು ಬಿಗಿ ಮಾಡಿದೆ. ಆದರೆ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎನ್ನುವ 8(2) ಹಾಗೇ ಇದೆ, ಮೇಲ್ಮನವಿಯಲ್ಲಿ ಅದನ್ನೇ ಎತ್ತಿ.

ಅರ್ಜಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. 4(1)(ಬಿ) ಪ್ರಕಟಣೆಯೇ ಇಲ್ಲವೆಂದಾದರೆ ಇಲಾಖೆಯ ಜಾಲತಾಣದ ಪುಟವನ್ನು ದಿನಾಂಕ ಕಾಣುವಂತೆ ಮುದ್ರಿಸಿ ಲಗತ್ತಿಸಿ, ಎರಡನೇ ಮೇಲ್ಮನವಿಯಲ್ಲೇ 19(8)(ಎ) ಅಡಿ ‘ಈ ವರ್ಗದ ಮಾಹಿತಿಯನ್ನು ಪ್ರಕಟಿಸಲು ಇಲಾಖೆಗೆ ನಿರ್ದೇಶಿಸಿ’ ಎಂಬ ಪ್ರಾರ್ಥನೆ ಸೇರಿಸಿ. 4ನೇ ಕಲಮಿನ ಜಾರಿಯ ಮೇಲೆ ಆಯೋಗಗಳು ನಿರಂತರ ನಿಗಾ ಇಡಬೇಕು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 17ರಂದು ನಿರ್ದೇಶಿಸಿದೆ. ಆ ದಿನಾಂಕವನ್ನೂ ಮೇಲ್ಮನವಿಯಲ್ಲಿ ನಮೂದಿಸಿ.